ಧನ ದನವಾಗುವ ಕಥೆ: ಕಲ್ಲಿನ ಪಡಿಯಚ್ಚಿನಿಂದ ಮೊಬೈಲ್ ಪೋಸ್ಟರ್‌ವರೆಗೆ

ನಿಮ್ಮ ಊರಿನ ವಾಟ್ಸಾಪ್ ಗ್ರೂಪಿಗೂ ಇಂಥ ಪೋಸ್ಟರ್ ಬಂದಿರುತ್ತದೆ. ಮೇಲೆ ಫೋಟೋಗಳ ಸಾಲು, ನಡುವೆ ದಪ್ಪಕ್ಷರದ ಶೀರ್ಷಿಕೆ, ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಯಾರಿಗೆ ಸಹಾಯಧನ, ಕೊನೆಯ ದಿನ ಯಾವುದು, ಯಾವ ದಾಖಲೆ ಬೇಕು ಎಂಬ ವಿವರ. ಶೀರ್ಷಿಕೆ ಚೆನ್ನಾಗಿ ಕಾಣುತ್ತದೆ. ಬೇಕಾದ ವಿವರ ಮಾತ್ರ ಕಾಣುವುದಿಲ್ಲ. ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರೆ ಅಕ್ಷರದ ಸುತ್ತ ಬೂದಿ ಚೆಲ್ಲಿದ ಹಾಗಿರುತ್ತದೆ. ‘ಧ’ದ ಕೆಳಗಿನ ಪುಟ್ಟ ಗೀಟು ಅಳಿಸಿಹೋಗಿ ಸಹಾಯಧನ ‘ಸಹಾಯದನ’ ಆಗಿರುತ್ತದೆ. ನಗು ಬರುತ್ತದೆ, ನಿಜ. ಆದರೆ ಕೊನೆಯ ದಿನಾಂಕ 16ರೋ 18ರೋ ಗೊತ್ತಾಗದೆ ಅರ್ಜಿ ತಪ್ಪಿಸಿಕೊಂಡವರಿಗೆ ನಗು ಬರುವುದಿಲ್ಲ.

ಅಕ್ಷರವನ್ನು ಚಿತ್ರವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕೆಲಸ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. ಆ ಕೆಲಸವನ್ನು ಅತ್ಯಂತ ಶ್ರದ್ಧೆಯಿಂದ ಮಾಡಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು.

ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಕೇಂದ್ರ ಕಚೇರಿ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು. ಅದಕ್ಕೂ ಬಹಳ ಹಿಂದೆ, ಮೈಸೂರು ಸಂಸ್ಥಾನದಲ್ಲಿ ಬಿ.ಎಲ್. ರೈಸ್ ಊರೂರಿನ ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತರುತ್ತಿದ್ದರು. ಮೊದಲನೆಯದಾದ ಕೊಡಗಿನ ಶಾಸನಗಳ ಸಂಪುಟ ಬಂದದ್ದು 1886ರಲ್ಲಿ. ಶಾಸನದ ಕಲ್ಲು ಗದ್ದೆಯ ಬದುವಿನಲ್ಲೋ ಗುಡಿಯ ಗೋಡೆಯಲ್ಲೋ ಇರುತ್ತದೆ. ಓದುವ ವಿದ್ವಾಂಸರು ನಗರದಲ್ಲಿರುತ್ತಾರೆ. ಕಲ್ಲನ್ನು ಹೊತ್ತು ತರಲಾಗದು, ಅಕ್ಷರವನ್ನು ತರಬೇಕು.

ಅದಕ್ಕೆ ಪಡಿಯಚ್ಚು ತೆಗೆಯುತ್ತಾರೆ. ಮೊದಲು ಕಲ್ಲನ್ನು ಬ್ರಷ್‌ನಿಂದ ಉಜ್ಜಿ ತೊಳೆದು ಪಾಚಿ, ಮಣ್ಣು, ಎಣ್ಣೆಯ ಜಿಡ್ಡನ್ನು ತೆಗೆಯುವುದು. ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಗಾಳಿ ಸಿಕ್ಕಿಕೊಳ್ಳದಂತೆ ಬ್ರಷ್‌ನಿಂದ ಬಡಿಯುವುದು. ಕಾಗದ ಅಕ್ಷರದ ಗುಳಿಯೊಳಗೆ ಇಳಿದು ಕೂರುತ್ತದೆ. ಅದರ ಮೇಲೆ ಮಸಿಯ ಉಂಡೆಯನ್ನು ಹಗುರವಾಗಿ ತಟ್ಟುತ್ತಾ ಹೋದರೆ ಉಬ್ಬಿದ ಜಾಗ ಕಪ್ಪಾಗುತ್ತದೆ, ಗುಳಿಯಲ್ಲಿರುವ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಒಣಗಿದ ಮೇಲೆ ಬಿಡಿಸಿ ಮಡಚಿಕೊಂಡು ಹೊರಟರಾಯಿತು. ಮಸಿ ಹೆಚ್ಚಾದರೆ ಗುಳಿಯೊಳಗೂ ಇಳಿದು ಒತ್ತಕ್ಷರ ಮುಚ್ಚಿಹೋಗುತ್ತದೆ. ಕಡಿಮೆಯಾದರೆ ಗೆರೆ ಏಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪಡಿಯಚ್ಚು ಕಲ್ಲಿನಷ್ಟೇ ಅಳತೆಯದು. ಕಲ್ಲಿನಲ್ಲಿ ಅಂಗುಲವಿದ್ದ ಅಕ್ಷರ ಕಾಗದದಲ್ಲೂ ಅಂಗುಲವೇ. ಕಪ್ಪು ಬಿಟ್ಟರೆ ಬಿಳಿ, ನಡುವೆ ಮಸುಕು ಇಲ್ಲ.

1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದಾಗ, ಕನ್ನಡ ಬರಹದ ಹಳಮೆಯ ಚರ್ಚೆಯೆಲ್ಲ ಒಂದೊಂದು ಅಕ್ಷರದ ತಿರುವಿನ ಮೇಲೆ ನಿಂತಿತ್ತು. ಅಂಥ ಕಡೆ ಗೀಟೊಂದು ಅಳಿಸಿದರೆ ಇತಿಹಾಸವೇ ಬೇರೆಯಾಗುತ್ತದೆ.

ಮೊದಲ ಕನ್ನಡ ಪತ್ರಿಕೆಯ ಅಕ್ಷರವೂ ಚಿತ್ರವೇ ಆಗಿತ್ತು ಎಂದರೆ ಆಶ್ಚರ್ಯವಾದೀತು. 1843ರ ‘ಮಂಗಳೂರು ಸಮಾಚಾರ’ ಮೊಳೆ ಜೋಡಿಸಿ ಮುದ್ರಿಸಿದ್ದಲ್ಲ. ಅದು ಕೈಬರಹವನ್ನು ಕಲ್ಲಿನ ಮೇಲೆ ಇಳಿಸಿ ಒತ್ತಿದ ಕಲ್ಲಚ್ಚಿನ ಪತ್ರಿಕೆ. ಆಮೇಲೆ ಮೊಳೆಗಳು ಬಂದವು, ಅಕ್ಷರ ಬಿಡಿಬಿಡಿಯಾಯಿತು, ನೂರೈವತ್ತು ವರ್ಷ ಹಾಗೇ ನಡೆಯಿತು. ಕಂಪ್ಯೂಟರ್ ಬಂದ ಮೇಲೆ ಕನ್ನಡ ಇನ್ನೊಮ್ಮೆ ಚಿತ್ರವಾಯಿತು.

ಅದಕ್ಕೆ ಕಾರಣವಿದೆ. ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್, ಕೋರಲ್ ಡ್ರಾ ನಡೆಯುತ್ತಿದ್ದ ಕಾಲದಲ್ಲಿ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿ ಕೆಲಸ ಮಾಡುತ್ತಿದ್ದವು. ಕಾಗದದ ಮೇಲೆ ಸೊಗಸಾಗಿ ಬರುತ್ತಿತ್ತು. ಆ ಫೈಲನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂಚಲು. 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡ ಇತ್ತು. ಆದರೂ ಆಂಡ್ರಾಯ್ಡ್ ಫೋನುಗಳಿಗೆ ಕನ್ನಡದ ಬೆಂಬಲ ಸಿಕ್ಕಿದ್ದು 2012ರ 4.1 ಆವೃತ್ತಿಯಲ್ಲಿ. ಅಲ್ಲಿಯವರೆಗೆ ಕನ್ನಡವನ್ನು ಖಾತ್ರಿಯಾಗಿ ಕಾಣಿಸಲು ಇದ್ದ ದಾರಿ ಒಂದೇ: ಬರೆದದ್ದನ್ನೆಲ್ಲ ಚಿತ್ರ ಮಾಡಿ ಕಳಿಸುವುದು. ಅಗತ್ಯ ಕಳೆದರೂ ಅಭ್ಯಾಸ ಉಳಿದುಕೊಂಡಿತು.

ಆ ಚಿತ್ರಗಳಲ್ಲಿ ಹೆಚ್ಚಿನವು ಜೆಪೆಗ್. ಇದರ ಕಥೆಗೂ ನಮ್ಮ ನೆಲಕ್ಕೂ ನಂಟಿದೆ. ನಮ್ಮ ಶಾಲೆಗಳಲ್ಲಿ ಇದನ್ನು ಯಾರೂ ಹೇಳಿಕೊಡದಿರುವುದು ಬೇಸರದ ಸಂಗತಿ.

ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಇಂದು ಯುವಿಸಿಇ ಎಂದು ಕರೆಯುವ ಕೆ.ಆರ್. ಸರ್ಕಲ್‌ನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದರು. ಬೆಂಗಳೂರು ವಿಶ್ವವಿದ್ಯಾಲಯ ಇನ್ನೂ ಹುಟ್ಟಿರದ ಕಾಲವದು. ಕಾಲೇಜು ಇದ್ದದ್ದು ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿ. ಅಮೆರಿಕಕ್ಕೆ ಹೋಗಿ ಕಾನ್ಸಾಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾಗ, ಚಿತ್ರವನ್ನು ಕಡಿಮೆ ಜಾಗದಲ್ಲಿ ಅಡಗಿಸುವ ಗಣಿತವೊಂದು ಅವರಿಗೆ ಹೊಳೆಯಿತು. 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರೆ ಹಣ ಮಂಜೂರಾಗಲಿಲ್ಲ. ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಅದರ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. 1992ರಲ್ಲಿ ಬಂದ ಜೆಪೆಗ್ ನಿಂತಿರುವುದು ಇದರ ಮೇಲೆಯೇ. ನಿಮ್ಮ ಫೋನಿನ ಮದುವೆ ಫೋಟೋ, ಮಗುವಿನ ಫೋಟೋ ಇವುಗಳ ಒಳಗೆ ಸಾಮಾನ್ಯವಾಗಿ ಇದೇ ಲೆಕ್ಕ ಕೂತಿರುತ್ತದೆ.

ಲೆಕ್ಕ ನಡೆಯುವುದು ಹೀಗೆ. ಚಿತ್ರವೆಂದರೆ ರಂಗೋಲಿಯ ಚುಕ್ಕಿಗಳ ಹಾಗೆ ಪಿಕ್ಸೆಲ್‌ಗಳ ಸಾಲು. ಜೆಪೆಗ್ ಇಡೀ ಚಿತ್ರವನ್ನು ಉದ್ದಕ್ಕೆ 8, ಅಡ್ಡಕ್ಕೆ 8 ಚುಕ್ಕಿಗಳ ಚೌಕಗಳಾಗಿ ಕತ್ತರಿಸುತ್ತದೆ. ಚದುರಂಗದ ಮಣೆಯಂತೆ 64 ಮನೆ. (ಕುದುರೆಯ ನಡೆಯ ಒಗಟುಗಳನ್ನು ರಚಿಸುತ್ತಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಇದ್ದಿದ್ದರೆ ಈ ಲೆಕ್ಕ ಅವರಿಗೆ ಹಿಡಿಸುತ್ತಿತ್ತೋ ಏನೋ!) ಆಮೇಲೆ ಪ್ರತಿ ಚೌಕದಲ್ಲೂ ನಿಧಾನವಾದ ಏರಿಳಿತ ಎಷ್ಟು, ಚುರುಕಾದ ಏರಿಳಿತ ಎಷ್ಟು ಎಂದು ಬೇರ್ಪಡಿಸುತ್ತದೆ. ಚುರುಕಾದದ್ದರಲ್ಲಿ ಬಹಳಷ್ಟನ್ನು ಬಿಸಾಡುತ್ತದೆ. ಕೆನ್ನೆ, ಆಕಾಶ, ಭತ್ತದ ಗದ್ದೆ ಇವುಗಳಲ್ಲಿ ಬಣ್ಣ ಮೆಲ್ಲಗೆ ಬದಲಾಗುವುದರಿಂದ ನಮ್ಮ ಕಣ್ಣಿಗೆ ನಷ್ಟ ಗೊತ್ತೇ ಆಗುವುದಿಲ್ಲ.

ಅಕ್ಷರ ಹಾಗಲ್ಲ. ಕಪ್ಪಿನ ಪಕ್ಕದಲ್ಲೇ ಬಿಳಿ. ಆ ಅಂಚು ಚೂಪಾಗಿ ನಿಲ್ಲಬೇಕಾದರೆ ಬಿಸಾಡಿದ ಚುರುಕಿನ ಭಾಗವೇ ಬೇಕು. ಅದಿಲ್ಲದಾಗ ಚೌಕದೊಳಗೆಲ್ಲ ಕಲೆ ಹರಡುತ್ತದೆ. ನಾವು ಬೂದಿ ಎಂದದ್ದು ಅದನ್ನೇ. ಸಾಲದ್ದಕ್ಕೆ ಜೆಪೆಗ್ ಸಾಮಾನ್ಯವಾಗಿ ಬೆಳಕಿನ ವಿವರವನ್ನು ಉಳಿಸಿಕೊಂಡು ಬಣ್ಣದ ವಿವರವನ್ನು ಇನ್ನಷ್ಟು ಕಡಿತ ಮಾಡುತ್ತದೆ. ಹಾಗಾಗಿ ಗಾಢ ಹಸಿರಿನ ಮೇಲೆ ಕೆಂಪು ಅಕ್ಷರ ಬರೆದರೆ ಕೆಟ್ಟಂತೆಯೇ. ಎರಡರ ಬೆಳಕೂ ಹೆಚ್ಚುಕಡಿಮೆ ಒಂದೇ, ಬಣ್ಣ ಕಲಸಿಹೋಗುತ್ತದೆ. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ಕೂರುವುದರಿಂದ ಹೇಗೋ ಬಚಾವಾದೀತು. ನಮ್ಮ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು, ಮೊದಲು ಬಲಿಯಾಗುವುದು ಅದೇ.

ಇದಕ್ಕೆ ಮದ್ದು 1996ರಿಂದಲೇ ಇದೆ. 1987ರ ಜಿಫ್ ಮಾದರಿಯ ಪೇಟೆಂಟ್ ಜಗಳದಿಂದ ಬೇಸತ್ತವರು ಪಿಎನ್‌ಜಿ ಎಂಬ ಮಾದರಿ ಮಾಡಿದರು. ಅದು ಚಿತ್ರವನ್ನು ಕುಗ್ಗಿಸಿದರೂ ಒಂದು ಚುಕ್ಕಿಯನ್ನೂ ಬಿಸಾಡುವುದಿಲ್ಲ, ಪಡಿಯಚ್ಚಿನ ಹಾಗೆ. ಬರೀ ಅಕ್ಷರ, ಲಾಂಛನ, ನಕ್ಷೆ ಇರುವ ಪೋಸ್ಟರಿಗೆ ಪಿಎನ್‌ಜಿ ಸರಿ. ಫೋಟೋಗಳೇ ತುಂಬಿದ್ದರೆ ಫೈಲ್ ದೊಡ್ಡದಾಗಿ ನಮ್ಮ ಡೇಟಾ ತಿನ್ನುತ್ತದೆ. ಅಲ್ಲಿ ಗುಣಮಟ್ಟ ಏರಿಸಿಟ್ಟ ಜೆಪೆಗ್ ಸಾಕು.

ಆದರೆ ಮಾದರಿ ಬದಲಿಸಿದ ಮಾತ್ರಕ್ಕೆ ಎಲ್ಲ ಸರಿಹೋಗದು. ದೊಡ್ಡ ತೊಂದರೆ ಅಳತೆಯದು. ಆರು ಅಡಿ ಅಗಲದ ಫ್ಲೆಕ್ಸ್‌ಗೆಂದು ಮಾಡಿದ ವಿನ್ಯಾಸವನ್ನೇ ಗ್ರೂಪಿಗೂ ಹಾಕುತ್ತಾರೆ. ಆರು ಅಡಿ ಎಂದರೆ ಸುಮಾರು 183 ಸೆಂ.ಮೀ. ಫೋನಿನ ಪರದೆ ಸುಮಾರು 7 ಸೆಂ.ಮೀ. ಇಪ್ಪತ್ತಾರು ಪಟ್ಟು ಕುಗ್ಗುತ್ತದೆ. ಫ್ಲೆಕ್ಸ್‌ನಲ್ಲಿ 5 ಸೆಂ.ಮೀ. ಎತ್ತರವಿದ್ದ ಅಕ್ಷರ ಫೋನಿನಲ್ಲಿ 2 ಮಿ.ಮೀ., 2 ಸೆಂ.ಮೀ. ಇದ್ದದ್ದು 1 ಮಿ.ಮೀ.ಗೂ ಕಡಿಮೆ. 300 ಡಿಪಿಐ ಇಟ್ಟಿದ್ದೇವೆ ಎಂದರೆ ಪ್ರಯೋಜನವಿಲ್ಲ, ಅದು ಕಾಗದದ ಲೆಕ್ಕ. ಪರದೆಗೆ ಬೇಕಾದದ್ದು ಪಿಕ್ಸೆಲ್. ಫೋನಿಗೆಂದೇ 1080 ಪಿಕ್ಸೆಲ್ ಅಗಲದ ಹಾಳೆ ತೆಗೆದು, ಮಾತು ಕಡಿಮೆ ಮಾಡಿ, ಅಕ್ಷರ ದೊಡ್ಡದು ಮಾಡಬೇಕು. ಮುದ್ರಣದ ಸಿಎಂವೈಕೆ ಬಣ್ಣವನ್ನು ಆರ್‌ಜಿಬಿಗೆ ಬದಲಿಸಬೇಕು, ಇಲ್ಲದಿದ್ದರೆ ಕೆಲವು ಫೋನುಗಳಲ್ಲಿ ಬಣ್ಣ ವಿಕಾರವಾಗಿ ಕಾಣುತ್ತದೆ. ಮುಖಂಡರ ಫೋಟೋ ಎರಡು ಕಡಿಮೆಯಾದರೂ ನಡೆಯುತ್ತದೆ ಎಂಬುದು ನಮ್ಮ ಅಭಿಪ್ರಾಯ, ಡಿಸೈನ್ ಮಾಡುವವರು ಅದನ್ನು ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಇನ್ನೊಮ್ಮೆ ಹಿಂಡುತ್ತದೆ, ಪಿಎನ್‌ಜಿಯನ್ನೂ ಬಿಡುವುದಿಲ್ಲ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಒತ್ತಿದರೆ ಪೆಟ್ಟು ಕಡಿಮೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಇದ್ದದ್ದು ಇದ್ದಂತೆ ತಲುಪುತ್ತದೆ. ಬಂದದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಮತ್ತೊಂದು ಗ್ರೂಪಿಗೆ ಹಾಕಬೇಡಿ, ನೇರವಾಗಿ ಫಾರ್ವರ್ಡ್ ಮಾಡಿ. ಪ್ರತಿ ಸ್ಕ್ರೀನ್‌ಶಾಟೂ ಪಡಿಯಚ್ಚಿನ ಪಡಿಯಚ್ಚು ತೆಗೆದ ಹಾಗೆ.

ಪೋಸ್ಟರ್ ಕೆಳಗೆ ಅದೇ ವಿವರವನ್ನು ಯೂನಿಕೋಡ್‌ನಲ್ಲಿ ನಾಲ್ಕು ಸಾಲು ಟೈಪ್ ಮಾಡಿ ಹಾಕಲು ಎರಡು ನಿಮಿಷ ಸಾಕು. ಅದನ್ನು ಹುಡುಕಬಹುದು, ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದು. ಕಣ್ಣು ಕಾಣದವರಿಗೆ, ಓದು ಬಾರದ ಅಜ್ಜಿಗೆ ಫೋನೇ ಗಟ್ಟಿಯಾಗಿ ಓದಿ ಹೇಳುತ್ತದೆ: ಅರ್ಜಿಗೆ ಕೊನೆಯ ದಿನ 18, ಜೊತೆಗೆ ಪಹಣಿ ತನ್ನಿ.