ದೀಪವಾರಿದ ಊರುಗಳು

ಹಾನಗಲ್ಲ ತಾಲೂಕಿನ ಆಡೂರು ಶಾಸನವು ಜೈನ ಇತಿಹಾಸದ ಅಭ್ಯಾಸಿಗಳಿಗೆ ಅಪರಿಚಿತವಲ್ಲ. ಬಾದಾಮಿ ಚಾಲುಕ್ಯರ ಕೀರ್ತಿವರ್ಮನ ಆಳ್ವಿಕೆಯಲ್ಲಿ, ಸಿಂದರಸನು ಪಾಂಡಿವೂರಿನಲ್ಲಿ ಅಧಿಕಾರ ನಡೆಸುತ್ತಿದ್ದಾಗ, ದೋಣಗಾಮುಂಡ, ಎಳಗಾಮುಂಡ ಮೊದಲಾದವರು ಮಾಧವತ್ತಿ ಅರಸನ ಮೂಲಕ ಅಪ್ಪಣೆ ಪಡೆದು ಜಿನೇಂದ್ರಭವನಕ್ಕೆ ಭೂಮಿಯನ್ನು ಬಿಟ್ಟ ಸಂಗತಿ ಅದರಲ್ಲಿದೆ. ಪೂಜೆಯ ಅಕ್ಷತೆ, ಗಂಧ, ಪುಷ್ಪಗಳಿಗಾಗಿ ಬಿಟ್ಟ ಆ ಭೂಮಿ ಕರ್ಮಗಾಲೂರಿನ ಪಡುವಣ ದಿಕ್ಕಿನಲ್ಲಿತ್ತು. ರಾಜಮಾನದ ಅಳತೆಯಲ್ಲಿ ಎಂಟು ಮತ್ತರು ಗದ್ದೆ. ಶಾಸನವನ್ನು ಪ್ರಕಟಿಸಿದ ಫ್ಲೀಟ್ ಅವರು ಇದನ್ನು ಮೊದಲನೆಯ ಕೀರ್ತಿವರ್ಮನ ಕಾಲಕ್ಕೆ, ಅಂದರೆ 6ನೆಯ ಶತಮಾನಕ್ಕೆ ಸೇರಿಸಿದ್ದರು. ಇಮ್ಮಡಿ ಕೀರ್ತಿವರ್ಮನ ಕಾಲದ್ದು, 8ನೆಯ ಶತಮಾನದ್ದು ಎಂಬುದು ಆ ಮೇಲಿನ ವಿದ್ವಾಂಸರ ಅಭಿಪ್ರಾಯ.

ಕಾಲನಿರ್ಣಯಕ್ಕಿಂತ ಇಲ್ಲಿ ಗಮನಿಸಬೇಕಾದದ್ದು ಬೇರೆ. ಗಾಮುಂಡರೆಂದರೆ ಊರಗೌಡರು, ಒಕ್ಕಲುತನದವರು. ಅರಸನ ಹೆಸರಿನಷ್ಟೇ ಸ್ಪಷ್ಟವಾಗಿ ಅವರ ಹೆಸರುಗಳೂ ಕಲ್ಲಿನಲ್ಲಿವೆ. ಕೊಟ್ಟವರಾರು, ಎಷ್ಟು, ಯಾವ ದಿಕ್ಕಿನಲ್ಲಿ, ಯಾವ ಕಾರ್ಯಕ್ಕೆ ಎಂಬುದೆಲ್ಲವೂ ದಾಖಲಾಗಿದೆ. ಭೂಮಿಯು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಕೊಡುವವನ ಹೆಸರು ಅಳಿಯಬಾರದೆಂಬ ಎಚ್ಚರ ಆ ಕಾಲದ ಲಿಪಿಕಾರನಿಗಿತ್ತು.

ಈ ಎಚ್ಚರ ಎಲ್ಲ ದಫ್ತರಗಳಿಗೂ ಇರುವುದಿಲ್ಲ. ನಮ್ಮ ನಾಡಿನ ಕಂದಾಯ ಲೆಕ್ಕಗಳಲ್ಲಿ ‘ಬೇಚಿರಾಗ್’ ಎಂಬ ಮಾತೊಂದು ಬರುತ್ತದೆ. ಜನರ ಬಾಯಲ್ಲಿ ಅದು ‘ಬೇಚರಾಕ್’. ಪಾರಸಿಯಲ್ಲಿ ಚಿರಾಗ್ ಎಂದರೆ ದೀಪ. ದೀಪವಿಲ್ಲದ ಊರು, ಅಂದರೆ ಒಂದು ಮನೆಯೂ ಉಳಿಯದ ಊರು, ಬೇಚಿರಾಗ್. ಅದಕ್ಕೆ ಗಡಿಯಿರುತ್ತದೆ, ಸರ್ವೆ ನಂಬರುಗಳಿರುತ್ತವೆ, ಪಹಣಿಯಿರುತ್ತದೆ. ಜನರು ಮಾತ್ರ ಇರುವುದಿಲ್ಲ. ಹೊಲಗಳನ್ನು ಪಕ್ಕದ ಊರಿನವರು ಉಳುತ್ತಾರೆ. ಬಯಲಲ್ಲಿ ಒಂಟಿಯಾಗಿ ನಿಂತ ಹಾಳೂರ ಹನುಮಪ್ಪನಿಗೆ ಶನಿವಾರ ಎಣ್ಣೆ ಸಲ್ಲುತ್ತದೆ. ಭೂಮಿಯ ಲೆಕ್ಕ ತಪ್ಪಲಿಲ್ಲ, ಬಿಟ್ಟುಹೋದವರ ಲೆಕ್ಕ ಸಿಗುವುದಿಲ್ಲ.

ಧಾರವಾಡ ಸೀಮೆಯಲ್ಲಿ ಊರುಗಳು ಬರಿದಾದುದಕ್ಕೆ ಕಾರಣಗಳು ಹಲವು. 1791–92ರ ಡೋಗಿ ಬರ, 1876–78ರ ಧಾತು–ಈಶ್ವರ ಸಂವತ್ಸರಗಳ ಕ್ಷಾಮ, 1898ರಿಂದ ಹಬ್ಬಿದ ಪ್ಲೇಗು, ಮಲೆನಾಡ ಅಂಚಿನ ಚಳಿಜ್ವರ. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷದಷ್ಟು ಇಳಿಯಿತು. ಅಂದಿನ ಆಡಳಿತವು ಇನ್ನಷ್ಟು ಮಾಡಬಹುದಿತ್ತೆಂಬ ಮಾತು ನ್ಯಾಯವಾದದ್ದೇ. ಆದರೂ ಆ ಊರುಗಳು ಬರಿದಾಗಲೆಂದು ಯಾರೂ ಕುಳಿತು ನಿರ್ಣಯ ಮಾಡಿರಲಿಲ್ಲ.

ನಿರ್ಣಯ ಮಾಡಿಯೇ ಬರಿದು ಮಾಡಿದ ಊರುಗಳು ಹಾನಗಲ್ಲಿನಿಂದ ಬಹು ದೂರವಿಲ್ಲ. ದಕ್ಷಿಣಕ್ಕೆ ಶರಾವತಿಯ ಕಣಿವೆ. ಅಲ್ಲಿ 1940ರ ದಶಕದಲ್ಲಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ನೀರಿನಲ್ಲಿ ಆ ಅಣೆಕಟ್ಟೇ ಮುಳುಗಿತು. ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರು ನಿಂತಾಗ, ಸಾಗರ ತಾಲೂಕಿನಲ್ಲಿಯೂ ಹೊಂಬುಜ ಕ್ಷೇತ್ರವಿರುವ ಹೊಸನಗರ ತಾಲೂಕಿನಲ್ಲಿಯೂ ಸುಮಾರು 300 ಚದರ ಕಿಲೋಮೀಟರ್ ನೆಲ ಅಡಿಗಾಯಿತು. ಗದ್ದೆ, ಅಡಕೆ ತೋಟ, ಬೆಟ್ಟದ ಸೊಪ್ಪು ಎಂಬ ಮೂರನ್ನು ನಂಬಿ ಬಾಳಿದ ಸಾವಿರಾರು ಒಕ್ಕಲು ಮನೆತನಗಳು ಎದ್ದು ಹೋದವು. ಅಡಕೆಯ ತೋಟವೆಂದರೆ ಒಂದು ತಲೆಮಾರಿನ ಕೆಲಸವಲ್ಲ. ಅಜ್ಜ ನೆಟ್ಟದ್ದನ್ನು ಮೊಮ್ಮಗ ಕೊಯ್ಯುತ್ತಾನೆ. ಅದಕ್ಕೆ ಕಟ್ಟಿದ ಪರಿಹಾರದ ಹಣದಿಂದ ಅಂಥದೇ ಮತ್ತೊಂದು ತೋಟ ಎಬ್ಬಿಸುವುದು ಆಗುವ ಮಾತಾಗಿರಲಿಲ್ಲ.

ವಿದ್ಯುತ್ತು ಬೇಡವಾಗಿತ್ತೆಂದು ಇಂದು ಹೇಳುವುದು ಸುಲಭ, ಆದರೆ ಸರಿಯಲ್ಲ. 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವು ಎಷ್ಟೋ ವರ್ಷ ರಾಜ್ಯದ ಕಾರ್ಖಾನೆಗಳನ್ನೂ ಮನೆಗಳನ್ನೂ ಬೆಳಗಿತು. ಬಸದಿಗಳಲ್ಲಿ ಉರಿದ ವಿದ್ಯುದ್ದೀಪಗಳಿಗೂ ಅದರ ಋಣವುಂಟು. ವಿಪರ್ಯಾಸವೆಂದರೆ, ಹಿನ್ನೀರಿನ ಅಂಚಿನ ಹಲವು ಹಳ್ಳಿಗಳಿಗೆ ಆ ಬೆಳಕು ತಲುಪಲು ದಶಕಗಳೇ ಬೇಕಾದವು. ತುಮರಿಯ ಕಡೆಯ ಜನ ಸಾಗರಕ್ಕೆ ಬರಲು 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಲಾಂಚನ್ನು ಕಾಯಬೇಕಾಗಿತ್ತು.

ಜೈನ ಶ್ರಾವಕನ ಅಣುವ್ರತಗಳಲ್ಲಿ ಅಚೌರ್ಯದ ಲಕ್ಷಣವನ್ನು ‘ಅದತ್ತ’ ಎಂಬ ಪದದಿಂದ ಹೇಳುವ ಪರಿಪಾಠವಿದೆ. ಕೊಡದೆ ಇದ್ದುದನ್ನು ಕೊಳ್ಳುವುದು ಚೌರ್ಯ. ಆಡೂರಿನ ಎಂಟು ಮತ್ತರು ದತ್ತವಾದ ಭೂಮಿ. ಶರಾವತಿಯ ಗದ್ದೆಗಳು ಹಾಗಲ್ಲ. ಕಾನೂನಿನಂತೆ ನೋಟೀಸು ಬಂತು, ಬೆಲೆ ಕಟ್ಟಲಾಯಿತು. ಒಲ್ಲೆನೆನ್ನುವ ಅವಕಾಶ ಇರಲಿಲ್ಲ. ಕಾನೂನಿಗೆ ಇದು ಚೌರ್ಯವಲ್ಲ. ಆದರೆ ವ್ರತದ ದೃಷ್ಟಿಗೆ ಕೊಂಡದ್ದಕ್ಕೆ ಪ್ರತಿಯಾಗಿ ಕೊಡಬೇಕಾದದ್ದು ಇನ್ನೂ ಬಾಕಿ ಇದೆ, ಏಕೆಂದರೆ ಎಬ್ಬಿಸಿ ಕಾಡಂಚಿನಲ್ಲಿ ನೆಲೆಗೊಳಿಸಿದ ಕುಟುಂಬಗಳಲ್ಲಿ ಅನೇಕಕ್ಕೆ ಹೊಸ ಭೂಮಿಯ ಹಕ್ಕುಪತ್ರವೇ ಸಿಗಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ನಂತರ ಆ ನೆಲ ಕೊಡಲು ಕೇಂದ್ರದ ಅನುಮತಿ ಅಗತ್ಯವಾಯಿತು. ಸಂತ್ರಸ್ತರಿಗಾಗಿ ರಾಜ್ಯ ಸರಕಾರವು ಅರಣ್ಯದಿಂದ ಬಿಡಿಸಿದ ಭೂಮಿಯ ಆದೇಶಗಳನ್ನು, ಆ ಅನುಮತಿ ಇಲ್ಲವೆಂಬ ಕಾರಣಕ್ಕೆ, 2021ರಲ್ಲಿ ಉಚ್ಚ ನ್ಯಾಯಾಲಯ ರದ್ದುಗೊಳಿಸಿತು. ಅಜ್ಜ ಬಿಟ್ಟುಕೊಟ್ಟ ಪಟ್ಟಾ ಭೂಮಿಗೆ ಬದಲಾಗಿ ಮೊಮ್ಮಗನಿಗೆ ದೊರೆತದ್ದು ಒತ್ತುವರಿದಾರನೆಂಬ ಹೆಸರು.

ಲೋಕದಲ್ಲಿ ಇದಕ್ಕಿಂತ ಘೋರವಾದ ನಿದರ್ಶನಗಳುಂಟು. 1948ರ ಯುದ್ಧದಲ್ಲಿ ಪ್ಯಾಲೆಸ್ಟೈನಿನ ಏಳು ಲಕ್ಷಕ್ಕೂ ಮಿಕ್ಕ ಜನ ಮನೆ ಕಳೆದುಕೊಂಡರು; ಆಲಿವ್, ಗೋಧಿ ಬೆಳೆಯುತ್ತಿದ್ದ ನೂರಾರು ಹಳ್ಳಿಗಳು ನೆಲಸಮವಾದವು. ಅಲ್ಲಿ ಬಂದೂಕು, ಇಲ್ಲಿ ನೀರು, ಎರಡನ್ನೂ ಸಮವೆನ್ನಲಾಗದು. ಆದರೆ ಅವರಿಂದ ಕಲಿಯಬೇಕಾದ ಕೆಲಸವೊಂದಿದೆ. ವಾಲಿದ್ ಖಾಲಿದಿ ಎಂಬ ಇತಿಹಾಸಕಾರರು ಸಹೋದ್ಯೋಗಿಗಳೊಡನೆ 418 ಹಳ್ಳಿಗಳನ್ನು ಒಂದೊಂದಾಗಿ ದಾಖಲಿಸಿ 1992ರಲ್ಲಿ ಗ್ರಂಥವೊಂದನ್ನು ಹೊರತಂದರು. ಪ್ರತಿ ಊರಿನ ಜನಸಂಖ್ಯೆ, ಭೂಮಿಯ ವಿಸ್ತೀರ್ಣ, ಊರು ಬರಿದಾದ ಬಗೆ, ಈಗ ಉಳಿದಿರುವುದೇನು ಎಂಬುದು ಅದರಲ್ಲಿದೆ. ಆಡೂರಿನ ಲಿಪಿಕಾರ ಒಂದು ಗದ್ದೆಗೆ ಮಾಡಿದ್ದನ್ನು ಅವರು ಒಂದು ನಾಡಿಗೆ ಮಾಡಿದರು.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಪೂಜೆ ನಿಂತ ಬಸದಿಗಳೂ, ಹೊಲದ ಬದುವಿನಲ್ಲಿ ಬಿದ್ದ ಜಿನಬಿಂಬಗಳೂ, ನಿಸಿದಿಗಲ್ಲುಗಳೂ ಸಿಗುತ್ತಲೇ ಇರುತ್ತವೆ. ವಿಗ್ರಹ ಸಿಕ್ಕಿದೊಡನೆ ಅದನ್ನು ಪಟ್ಟಣದ ಬಸದಿಗೆ ತರುವ ಉತ್ಸಾಹ ನಮ್ಮ ಟ್ರಸ್ಟುಗಳಲ್ಲಿ ಕಾಣುತ್ತದೆ. ಅದು ಯಾವ ಊರಿನ, ಯಾವ ಸರ್ವೆ ನಂಬರಿನ ನೆಲದಲ್ಲಿತ್ತು, ಆ ಊರಿನವರು ಎತ್ತ ಹೋದರು ಎಂದು ಬರೆದಿಡುವವರು ಕಡಿಮೆ. ಶರಾವತಿಯ ಮಟ್ಟಿಗಂತೂ ತಡಮಾಡುವಂತಿಲ್ಲ. 1964ರಲ್ಲಿ ಹತ್ತು ವರ್ಷದವರಾಗಿದ್ದವರು ಎಪ್ಪತ್ತು ದಾಟಿದ್ದಾರೆ. ಯಾವ ಗದ್ದೆಗೆ ಏನು ಹೆಸರಿತ್ತು, ಕೇರಿಯಲ್ಲಿ ಎಷ್ಟು ಮನೆಗಳಿದ್ದವು ಎಂಬುದು ಬಹುಮಟ್ಟಿಗೆ ಅವರ ನೆನಪಿನಲ್ಲಿ ಮಾತ್ರ ಇದೆ.