ಸ್ಪರ್ಧೆಗೆ ಬಸದಿಯ ಫೋಟೊ: ಕಳುಹಿಸುವ ಮೊದಲು ಫೈಲನ್ನು ಸಿದ್ಧಪಡಿಸುವ ಬಗೆ

ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದಿಂದ ದಕ್ಷಿಣಕ್ಕೆ ಹೊರಟರೆ ಬೆಳ್ಳೂರು ಕ್ರಾಸ್, ಅಲ್ಲಿಂದ ಮುಂದೆ ಕಂಬದಹಳ್ಳಿ ಮತ್ತು ಶ್ರವಣಬೆಳಗೊಳ. ಉತ್ತರದ ಕಡೆ ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತೀಶ್ವರ ಬಸದಿ ಇದೆ. ತೆಂಗಿನ ಸೀಮೆಯ ಜೈನ ಕುಟುಂಬಗಳಿಗೆ ಇವೆಲ್ಲ ಬೆಳಿಗ್ಗೆ ಹೊರಟು ದರ್ಶನ ಮುಗಿಸಿ ಸಂಜೆಗೆ ಮನೆ ಸೇರಬಹುದಾದ ಕ್ಷೇತ್ರಗಳು. ಹಾಗೆ ಹೋದಾಗ ಮೊಬೈಲಿನಲ್ಲಿ ತೆಗೆದ ಫೋಟೊಗಳಲ್ಲಿ ಸ್ಪರ್ಧೆಗೆ ಕಳುಹಿಸಲು ಯೋಗ್ಯವಾದವು ಎಷ್ಟೋ ಇರುತ್ತವೆ. ಸ್ಮಾರಕಗಳ ಚಿತ್ರಗಳಿಗೆಂದೇ ನಡೆಯುವ 'ವಿಕಿ ಲವ್ಸ್ ಮಾನ್ಯುಮೆಂಟ್ಸ್' ಸ್ಪರ್ಧೆ 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರಂಭವಾಯಿತು. ಭಾರತ 2012ರಲ್ಲಿ ಅದನ್ನು ಸೇರಿತು. ಬೆಂಗಳೂರಿನ ಯೂತ್ ಫೋಟೊಗ್ರಫಿಕ್ ಸೊಸೈಟಿಯಂಥ ಸಂಸ್ಥೆಗಳು ಸಲಾನ್ ಎಂದು ಕರೆಯುವ ಸ್ಪರ್ಧೆಗಳನ್ನು ನಡೆಸುತ್ತವೆ. ಜಾತ್ರೆ, ರಥೋತ್ಸವ, ಪಂಚಕಲ್ಯಾಣದ ಸಂದರ್ಭದಲ್ಲಿ ಸಮಾಜದ ಸಂಘಗಳೂ ಚಿಕ್ಕ ಸ್ಪರ್ಧೆಗಳನ್ನು ಏರ್ಪಡಿಸುವುದುಂಟು.

ಆದರೆ ಸ್ಪರ್ಧೆಯ ನಿಯಮಕ್ಕೆ ಹೊಂದದ ಚಿತ್ರ ತೀರ್ಪುಗಾರರ ಕಣ್ಣಿಗೆ ಬೀಳುವ ಮೊದಲೇ ಹೊರಗುಳಿಯುತ್ತದೆ. ಅಳತೆ ಸಾಲದ, ಚಿತ್ರದ ಮೇಲೆ ಹೆಸರು ಬರೆದ, ದಿನಾಂಕದ ಮಾಹಿತಿ ಕಳೆದುಹೋದ ಫೈಲನ್ನು ಅದರ ಕಲೆ ನೋಡದೆಯೇ ಪಕ್ಕಕ್ಕಿಡಲಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ಮನೆಯಲ್ಲೇ ಅರ್ಧ ಗಂಟೆಯಲ್ಲಿ ಸರಿಪಡಿಸಬಹುದಾದ ಕೊರತೆಗಳು. ಒಂದನ್ನು ಮಾತ್ರ ಆಮೇಲೆ ಸರಿಪಡಿಸಲಾಗುವುದಿಲ್ಲ: ಮೂಲ ಫೈಲ್ ಕೈತಪ್ಪಿದ್ದರೆ ಯಾವ ಉಪಾಯವೂ ನಡೆಯದು.

ಮೂಲ ಫೈಲ್ ಎಲ್ಲಿದೆ?

ಹಲವು ಮನೆಗಳಲ್ಲಿ ಫೋಟೊ ತೆಗೆದವರು ಒಬ್ಬರು, ಸ್ಪರ್ಧೆಗೆ ಕಳುಹಿಸುವವರು ಇನ್ನೊಬ್ಬರು. ಮಗ ತೆಗೆದದ್ದನ್ನು ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾನೆ, ಅಕ್ಕ ಅಲ್ಲಿಂದ ಇಳಿಸಿಕೊಂಡು ಸ್ಪರ್ಧೆಯ ಅರ್ಜಿಗೆ ಸೇರಿಸುತ್ತಾಳೆ. ಕೆಡುವುದು ಇಲ್ಲೇ. ವಾಟ್ಸ್ಆ್ಯಪ್ ಸಾಮಾನ್ಯ ರೀತಿಯಲ್ಲಿ ಕಳುಹಿಸುವ ಚಿತ್ರದ ಉದ್ದನೆಯ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತದೆ. 4000 x 3000 ಪಿಕ್ಸೆಲ್‌ನ, ಅಂದರೆ 12 ಮೆಗಾಪಿಕ್ಸೆಲ್‌ನ ಚಿತ್ರ 1600 x 1200 ಆಗಿ, 2 ಮೆಗಾಪಿಕ್ಸೆಲ್‌ಗೂ ಕಡಿಮೆಯಾಗುತ್ತದೆ. ಆರರಲ್ಲಿ ಐದು ಪಾಲು ಹೋಯಿತು. ಜೊತೆಗೆ ಫೋಟೊ ತೆಗೆದ ದಿನ, ವೇಳೆ, ಕ್ಯಾಮೆರಾ ಯಾವುದು ಎಂದು ಫೈಲಿನೊಳಗೆ ದಾಖಲಾಗಿದ್ದ ಎಕ್ಸಿಫ್ ಮಾಹಿತಿಯೂ ಅಳಿಸಿಹೋಗುತ್ತದೆ. ಮೊಬೈಲಿನ ಪರದೆಯ ಮೇಲೆ ನೋಡಿದಾಗ ಇದಾವುದೂ ಗೊತ್ತಾಗುವುದಿಲ್ಲ. ದೊಡ್ಡ ಪರದೆಯಲ್ಲಿ ಹಿಗ್ಗಿಸಿದಾಗ ಪಾರ್ಶ್ವನಾಥನ ನಾಗಹೆಡೆಯ ಗೆರೆಗಳು ಮೇಣ ಸವರಿದಂತೆ ಕಾಣುತ್ತವೆ.

ಈಗ ಎಚ್‌ಡಿ ಆಯ್ಕೆ ಬಂದಿದೆ, ಆದರೂ ಅದು ಮೂಲ ಫೈಲ್ ಅಲ್ಲ. ವಾಟ್ಸ್ಆ್ಯಪ್‌ನಲ್ಲೇ ಕಳುಹಿಸಬೇಕಿದ್ದರೆ ಗ್ಯಾಲರಿಯ ಗುರುತನ್ನು ಬಿಟ್ಟು 'ಡಾಕ್ಯುಮೆಂಟ್' ಎಂಬುದನ್ನು ಒತ್ತಿ ಫೈಲನ್ನು ಆರಿಸಬೇಕು. ಆಗ ಇದ್ದದ್ದು ಇದ್ದಂತೆಯೇ ಹೋಗುತ್ತದೆ. ಇಮೇಲ್, ಗೂಗಲ್ ಡ್ರೈವ್, ಪೆನ್‌ಡ್ರೈವ್ ಯಾವುದಾದರೂ ಆದೀತು. ಐಫೋನಿನಲ್ಲಿ ತೆಗೆದ ಚಿತ್ರ ಹೈಕ್ ಎಂಬ ಬೇರೆ ರೂಪದಲ್ಲಿರಬಹುದು. ಜೆಪೆಗ್ ಮಾತ್ರ ಕೇಳುವ ಸ್ಪರ್ಧೆಗಳಿಗೆ ಅದು ನಡೆಯುವುದಿಲ್ಲ, ಜೆಪೆಗ್‌ಗೆ ಬದಲಿಸಿಕೊಳ್ಳಬೇಕು. ಹಿಂದಿನ ಹೆಸರನ್ನು ಅಳಿಸಿ ಕೊನೆಗೆ ಜೆಪಿಜಿ ಎಂದು ಬರೆದರೆ ಫೈಲ್ ಬದಲಾಗುವುದಿಲ್ಲ, ಹೆಸರಷ್ಟೇ ಬದಲಾಗುತ್ತದೆ.

ಮೂಲವನ್ನು ಬೇರೆ ಕಡೆ ಭದ್ರವಾಗಿಟ್ಟು ಅದರ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡುವುದು ರೂಢಿಯಾಗಬೇಕು. ಬಹುಮಾನಕ್ಕೆ ಆಯ್ಕೆಯಾದ ಮೇಲೆ ಮೂಲ ಫೈಲನ್ನು ತೋರಿಸಿ ಎಂದು ಕೇಳುವ ಸ್ಪರ್ಧೆಗಳಿವೆ.

ಪಿಕ್ಸೆಲ್, ಎಂಬಿ, ಡಿಪಿಐ

ನಿಯಮಗಳ ಪುಟದಲ್ಲಿ ಈ ಮೂರೂ ಪದಗಳು ಒಟ್ಟಿಗೆ ಬರುವುದರಿಂದ ಗೊಂದಲವಾಗುತ್ತದೆ. ಪಿಕ್ಸೆಲ್ ಎಂದರೆ ಚಿತ್ರದ ಅಗಲ ಮತ್ತು ಎತ್ತರದಲ್ಲಿರುವ ಚುಕ್ಕಿಗಳ ಲೆಕ್ಕ. ಎಂಬಿ ಎಂದರೆ ಫೈಲಿನ ತೂಕ. ಡಿಪಿಐ ಮುದ್ರಣಕ್ಕೆ ಸಂಬಂಧಿಸಿದ್ದು, ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಹಾಕಬೇಕು ಎಂಬ ಸೂಚನೆ. ಪಿಕ್ಸೆಲ್ ಬದಲಿಸದೆ 72 ಇದ್ದದ್ದನ್ನು 300 ಎಂದು ತಿದ್ದಿದರೆ ಚಿತ್ರ ಒಂದಿಷ್ಟೂ ಸುಧಾರಿಸುವುದಿಲ್ಲ. 12 x 18 ಇಂಚಿನ ಮುದ್ರಣವನ್ನು 300 ಡಿಪಿಐನಲ್ಲಿ ಕೇಳಿದ್ದಾರೆ ಎಂದರೆ 3600 x 5400 ಪಿಕ್ಸೆಲ್ ಬೇಕು ಎಂದರ್ಥ. ಅದು 19 ಮೆಗಾಪಿಕ್ಸೆಲ್‌ಗೂ ಮೀರಿದ್ದು, 12 ಮೆಗಾಪಿಕ್ಸೆಲ್‌ನ ಮೊಬೈಲ್ ಚಿತ್ರಕ್ಕೆ ನಿಲುಕದು.

ಕ್ರಾಪ್ ಮಾಡುವಾಗಲೂ ಈ ಲೆಕ್ಕ ನೆನಪಿರಬೇಕು. 4000 x 3000ರ ಚಿತ್ರದಲ್ಲಿ ಅಗಲ ಅರ್ಧ, ಎತ್ತರ ಅರ್ಧ ಉಳಿಸಿಕೊಂಡರೆ ಸಿಗುವುದು 2000 x 1500, ಅಂದರೆ 3 ಮೆಗಾಪಿಕ್ಸೆಲ್ ಮಾತ್ರ. ಉದ್ದನೆಯ ಬದಿ ಕನಿಷ್ಠ 3000 ಇರಬೇಕೆನ್ನುವ ಸ್ಪರ್ಧೆಗೆ ಅದು ಸಲ್ಲದು. ದೂರದಿಂದ ಡಿಜಿಟಲ್ ಜೂಮ್ ಮಾಡಿ ತೆಗೆದದ್ದೂ ಬಹುಮಟ್ಟಿಗೆ ಹೀಗೆಯೇ. ಸಾಧ್ಯವಿದ್ದಲ್ಲಿ ನಾಲ್ಕು ಹೆಜ್ಜೆ ಮುಂದೆ ನಡೆದು ತೆಗೆಯುವುದು ಮೇಲು. ಸಣ್ಣ ಚಿತ್ರವನ್ನು ಹಿಗ್ಗಿಸಿ 4000 ಪಿಕ್ಸೆಲ್ ಮಾಡಿದರೆ ಸಂಖ್ಯೆ ಕೂಡುತ್ತದೆ, ಕಲ್ಲಿನ ಕೆತ್ತನೆಯ ವಿವರ ಕೂಡುವುದಿಲ್ಲ.

ಸಲಾನ್‌ಗಳದ್ದು ತಿರುಗುಮುರುಗು. ಅಲ್ಲಿ ಕನಿಷ್ಠದ ಬದಲು ಗರಿಷ್ಠ ಮಿತಿ ಇರುತ್ತದೆ. ಅಗಲ 1920, ಎತ್ತರ 1080 ಪಿಕ್ಸೆಲ್, ತೂಕ 2 ಎಂಬಿ ಮೀರಬಾರದು ಎನ್ನುವುದು ಒಂದು ಸಾಮಾನ್ಯ ಮಾದರಿ. ಮಾನಸ್ತಂಭದಂಥ ನೀಳ ವಸ್ತುವಿನ ಲಂಬ ಚಿತ್ರ ಕಳುಹಿಸುವವರು ಎಡವುವುದು ಇಲ್ಲಿ: ಚಿತ್ರ ನಿಂತಿದೆ ಎಂದು ಅಂಕಿಗಳನ್ನು ಅದಲು ಬದಲು ಮಾಡಿ ಎತ್ತರವನ್ನು 1920 ಇಡುತ್ತಾರೆ. ಎತ್ತರದ ಮಿತಿ ಆಗಲೂ 1080 ಆಗಿಯೇ ಇರುತ್ತದೆ. 3000 x 4000ರ ಲಂಬ ಚಿತ್ರ ಈ ಮಿತಿಯೊಳಗೆ 810 x 1080 ಆಗುತ್ತದೆ. ಅಗಲ, ಎತ್ತರಗಳ ಅನುಪಾತದ ಬೀಗವನ್ನು ಹಾಕಿಯೇ ಇಳಿಸಬೇಕು. ಇಲ್ಲದಿದ್ದರೆ ಕಂಬ ದಪ್ಪವಾಗುತ್ತದೆ, ಗೊಮ್ಮಟ ಗಿಡ್ಡವಾಗುತ್ತಾನೆ.

ತೂಕ ಇಳಿಸಲು ಮೊದಲು ಅಳತೆಯನ್ನು ಸರಿಮಾಡಿ, ಆಮೇಲೂ ಹೆಚ್ಚಿದ್ದರೆ ಜೆಪೆಗ್ ಗುಣಮಟ್ಟವನ್ನು 95, 90, 85 ಎಂದು ಹಂತಹಂತವಾಗಿ ಇಳಿಸುತ್ತ ನೋಡಬೇಕು. ಪ್ರತಿ ಸಲವೂ ಮೂಲದಿಂದಲೇ ಆರಂಭಿಸಬೇಕು. ಒಮ್ಮೆ ಇಳಿಸಿದ ಜೆಪೆಗ್ ಅನ್ನೇ ಮತ್ತೆ ತೆರೆದು ಮತ್ತೆ ಉಳಿಸಿದರೆ ನಷ್ಟ ಸೇರುತ್ತ ಹೋಗುತ್ತದೆ, ಆಕಾಶದಲ್ಲಿ ಚೌಕಚೌಕವಾದ ಕಲೆಗಳು ಏಳುತ್ತವೆ. ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಗಿಂಪ್ ಅಥವಾ ಇರ್ಫಾನ್‌ವ್ಯೂ, ಮೊಬೈಲಿನಲ್ಲಿ ಸ್ನ್ಯಾಪ್‌ಸೀಡ್ ಈ ಕೆಲಸಕ್ಕೆ ಸಾಕು.

ಬಣ್ಣದ ಬಗ್ಗೆ ಒಂದೇ ಮಾತು. ಫೈಲ್ ಎಸ್‌ಆರ್‌ಜಿಬಿ ಬಣ್ಣವ್ಯವಸ್ಥೆಯಲ್ಲಿರಲಿ. ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿದ ಚಿತ್ರ ಕೆಲವು ಪರದೆಗಳಲ್ಲಿ ಬಾಡಿದಂತೆ ಕಂಡು, ಅರಿಶಿನದ ಅಭಿಷೇಕವೂ ಮಂಕಾಗುತ್ತದೆ.

ತಿದ್ದುವುದು ಎಲ್ಲಿಯವರೆಗೆ?

ತೆಂಗಿನ ತೋಟದ ನಡುವೆ ತೆಗೆದ ಚಿತ್ರಗಳಲ್ಲಿ ಬಿಸಿಲು ನೆರಳು ಚುಕ್ಕೆಚುಕ್ಕೆಯಾಗಿ ಬೀಳುತ್ತದೆ. ನೆರಳನ್ನು ಸ್ವಲ್ಪ ಎತ್ತುವುದು, ವಾಲಿದ ಗೋಡೆಯನ್ನು ನೆಟ್ಟಗೆ ಮಾಡುವುದು, ಅಂಚು ಕತ್ತರಿಸುವುದು ಬಹುತೇಕ ಎಲ್ಲ ಸ್ಪರ್ಧೆಗಳಲ್ಲೂ ನಡೆಯುತ್ತದೆ. ಬಸದಿಯ ಮುಂದಿನ ವಿದ್ಯುತ್ ತಂತಿಯನ್ನು ಅಳಿಸುವುದು ಬೇರೆಯದೇ ಮಾತು. ಸ್ಮಾರಕ, ಪ್ರಕೃತಿ, ಸುದ್ದಿಚಿತ್ರ ವಿಭಾಗಗಳಲ್ಲಿ ಇದ್ದದ್ದನ್ನು ತೆಗೆಯುವುದು, ಇಲ್ಲದ್ದನ್ನು ಸೇರಿಸುವುದು ಸಾಮಾನ್ಯವಾಗಿ ನಿಷಿದ್ಧ. ಮೊಬೈಲಿನ ಒಂದು ಗುಂಡಿಯಿಂದ ಮನುಷ್ಯರನ್ನು ಮಾಯ ಮಾಡಬಹುದಾದ ಈ ಕಾಲದಲ್ಲಿ ನಿಯಮದ ಈ ಸಾಲನ್ನು ಎರಡು ಸಲ ಓದಬೇಕು. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್ ಅವರು ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಯ ಒಂದು ವಿಭಾಗದಲ್ಲಿ ಗೆದ್ದ ತಮ್ಮ ಚಿತ್ರ ಕೃತಕ ಬುದ್ಧಿಮತ್ತೆಯಿಂದ ಮಾಡಿದ್ದೆಂದು ತಿಳಿಸಿ ಪ್ರಶಸ್ತಿಯನ್ನು ನಿರಾಕರಿಸಿದರು. ತಂತಿಯಿರುವ ಬಸದಿಯನ್ನು ತಂತಿಯ ಸಮೇತ ತೋರಿಸುವ ಚಿತ್ರಕ್ಕೆ ದಾಖಲೆಯಾಗಿ ಬೆಲೆ ಹೆಚ್ಚು. ಎಂದಾದರೂ ತಂತಿ ತೆಗೆಸಲು ಅರ್ಜಿ ಕೊಡುವಾಗ ಅದೇ ಫೋಟೊ ಬೇಕಾದೀತು.

ಚಿತ್ರದ ಮೂಲೆಯಲ್ಲಿ ತೆಗೆದವರ ಹೆಸರು, ದಿನಾಂಕದ ಮುದ್ರೆ, ಬಣ್ಣದ ಚೌಕಟ್ಟು ಇರಬಾರದು. ತೀರ್ಪುಗಾರರಿಗೆ ಹೆಸರು ತಿಳಿಯಬಾರದೆಂಬುದೇ ಇದಕ್ಕೆ ಕಾರಣ. ಕೆಲವು ಮೊಬೈಲ್‌ಗಳು ತಮ್ಮ ಕಂಪನಿಯ ಹೆಸರನ್ನು ತಾವೇ ಒತ್ತಿಬಿಡುತ್ತವೆ. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ವಾಟರ್‌ಮಾರ್ಕ್ ಆಯ್ಕೆಯನ್ನು ಯಾತ್ರೆಗೆ ಹೊರಡುವ ಮೊದಲೇ ಆರಿಸಿಡಬೇಕು.

ಸ್ಥಳದ ಗುರುತು

ಎಕ್ಸಿಫ್‌ನಲ್ಲಿ ಜಿಪಿಎಸ್ ಗುರುತೂ ಇರಬಹುದು. ಶ್ರವಣಬೆಳಗೊಳ, ಕಂಬದಹಳ್ಳಿಯಂಥ ಪ್ರಸಿದ್ಧ ಕ್ಷೇತ್ರಗಳಿಗೆ ಅದರಿಂದ ತೊಂದರೆಯಿಲ್ಲ. ಕಾವಲಿಲ್ಲದ ಹಳ್ಳಿಯ ಬಸದಿಯ ಪಂಚಲೋಹದ ಬಿಂಬಗಳು, ಮನೆಯ ಚೈತ್ಯಾಲಯ ಇವುಗಳ ವಿಷಯ ಹಾಗಲ್ಲ. 2013ರ ಜುಲೈನಲ್ಲಿ ಮೂಡುಬಿದಿರೆಯ ಗುರು ಬಸದಿಯಿಂದ ಸಿದ್ಧಾಂತ ದರ್ಶನದ ಅಮೂಲ್ಯ ಬಿಂಬಗಳು ಕಳವಾದದ್ದನ್ನು ಸಮಾಜ ಮರೆತಿಲ್ಲ. ಅಂಥ ಬಿಂಬಗಳ ಸ್ಪಷ್ಟ ಫೋಟೊ ಬಸದಿಯ ಆಡಳಿತದವರ ಬಳಿ ದಾಖಲೆಯಾಗಿ ಇರಲೇಬೇಕು, ಕಳವಾದರೆ ಗುರುತಿಸಲು ಅದೇ ಆಧಾರ. ಆದರೆ ಬಾಗಿಲು, ಬೀಗ, ಸ್ಥಳದ ಗುರುತಿನ ಸಮೇತ ಸಾರ್ವಜನಿಕ ಸ್ಪರ್ಧೆಗೆ ಹೋಗುವುದು ಬೇಡ. ಎಕ್ಸಿಫ್ ಪೂರ್ತಿ ಅಳಿಸಿದರೆ ದಿನಾಂಕವೂ ಹೋಗಿ ಚಿತ್ರ ತಿರಸ್ಕೃತವಾಗಬಹುದು. ಆದ್ದರಿಂದ ಸ್ಥಳದ ಮಾಹಿತಿಯನ್ನಷ್ಟೇ ತೆಗೆಯುವ ಆಯ್ಕೆಯನ್ನು ಬಳಸಬೇಕು, ಅಥವಾ ತೆಗೆಯುವಾಗಲೇ ಕ್ಯಾಮೆರಾದ ಲೊಕೇಶನ್ ಆರಿಸಿರಬೇಕು.

ಅನುಮತಿಯ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡೇ ಇದೆ. ಅನೇಕ ಬಸದಿಗಳಲ್ಲಿ ಗರ್ಭಗುಡಿಯ ಫೋಟೊ ತೆಗೆಯಲು ಬಿಡುವುದಿಲ್ಲ. ಮುನಿಗಳು, ಮಾತಾಜಿಯವರ ಆಹಾರದ ಸಮಯದಲ್ಲಿ ಕ್ಯಾಮೆರಾ ಮುಂದೆ ಚಾಚುವುದು ಸಲ್ಲದು. ಇನ್ನು 1981ರ ಮಹಾಮಸ್ತಕಾಭಿಷೇಕದ ಕಪ್ಪುಬಿಳುಪು ಫೋಟೊಗಳು ಹಲವು ಮನೆಗಳ ಆಲ್ಬಂನಲ್ಲಿವೆ. 4 x 6 ಇಂಚಿನ ಅಂಥ ಪ್ರತಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2400 x 3600 ಪಿಕ್ಸೆಲ್‌ನ ಒಳ್ಳೆಯ ಫೈಲ್ ಸಿಗುತ್ತದೆ. ಆದರೆ ಸ್ಟುಡಿಯೋದವರು ತೆಗೆದದ್ದನ್ನು ಸ್ವಂತದ್ದೆಂದು ಘೋಷಿಸಿ ಸ್ಪರ್ಧೆಗೆ ಕೊಡುವಂತಿಲ್ಲ. ವಿಕಿ ಸ್ಪರ್ಧೆಗೆ ಹಾಕುವ ಚಿತ್ರಗಳನ್ನು ತೆಗೆದವರ ಹೆಸರು ಹೇಳಿ ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು ಎಂಬುದನ್ನು ಒಪ್ಪಿಯೇ ಹಾಕಬೇಕು. ಆ ಒಪ್ಪಿಗೆಯನ್ನು ಆಮೇಲೆ ಹಿಂಪಡೆಯಲಾಗದು.

ವಿವರಣೆ ಬರೆಯುವಾಗ

ತಾಂತ್ರಿಕವಾಗಿ ಎಲ್ಲ ಸರಿಯಿದ್ದೂ 'ಹಳೆಯ ಜೈನ ದೇವಾಲಯ' ಎಂದಷ್ಟೇ ಬರೆದ ಚಿತ್ರ ಸ್ಮಾರಕ ಸ್ಪರ್ಧೆಯಲ್ಲಿ ಲೆಕ್ಕಕ್ಕೆ ಬರುವುದು ಕಷ್ಟ, ಏಕೆಂದರೆ ಅಲ್ಲಿ ಸ್ಮಾರಕ ಯಾವುದೆಂದು ಗುರುತಾಗಬೇಕು. ಈ ವಿಷಯದಲ್ಲಿ ಜೈನ ಕುಟುಂಬಗಳಿಗೆ ಬೇರೆಯವರಿಗಿಲ್ಲದ ಅನುಕೂಲವಿದೆ. ಬಾಹುಬಲಿಯನ್ನು ತೀರ್ಥಂಕರ ಎಂದು ಬರೆಯುವ ತಪ್ಪು ಅವರಿಂದ ಆಗದು. ಹೆಡೆಯಿದ್ದ ಮಾತ್ರಕ್ಕೆ ಪಾರ್ಶ್ವನಾಥ ಎನ್ನದೆ, ಐದು ಹೆಡೆಯಿದ್ದರೆ ಸುಪಾರ್ಶ್ವನಾಥ ಇರಬಹುದೇ ಎಂದು ಲಾಂಛನ ನೋಡುವ ಅಭ್ಯಾಸ ಅವರಿಗಿದೆ. ಕಂಬದಹಳ್ಳಿಗೆ ಹೆಸರು ತಂದ ಕಂಬ ಬ್ರಹ್ಮದೇವರದ್ದು, ಅದನ್ನು ಮಾನಸ್ತಂಭ ಎಂದು ಬರೆಯಬಾರದು. ಶ್ರವಣಬೆಳಗೊಳದ ವಿಂಧ್ಯಗಿರಿ, ಇಂದ್ರಗಿರಿ, ದೊಡ್ಡಬೆಟ್ಟ ಮೂರೂ ಒಂದೇ, ಚಂದ್ರಗಿರಿ ಬೇರೆ. ಊರು, ತಾಲ್ಲೂಕು, ಜಿಲ್ಲೆ, ಬಸದಿಯ ಹೆಸರು, ಯಾವ ದಿಕ್ಕಿನಿಂದ ತೆಗೆದದ್ದು, ಇಷ್ಟು ಎರಡು ಸಾಲಿನಲ್ಲಿ ಬಂದರೆ ಸಾಕು.

ಫೈಲಿನ ಹೆಸರನ್ನು ಮಾತ್ರ ಸ್ಪರ್ಧೆ ಹೇಳಿದಂತೆಯೇ ಇಡಬೇಕು. ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಮಾತ್ರ, ನಡುವೆ ಜಾಗ ಬಿಡಬಾರದು ಎಂದಿದ್ದರೆ ಹಾಗೆಯೇ. ಕೊನೆಯ ದಿನದ ರಾತ್ರಿ ಜಾಲತಾಣ ನಿಧಾನವಾಗುವುದು ಮಾಮೂಲು, ಹಳ್ಳಿಯಲ್ಲಿ ಕರೆಂಟೂ ಇರದಿರಬಹುದು. ಒಂದೆರಡು ದಿನ ಮೊದಲೇ ಕಳುಹಿಸಿ, ತಲುಪಿದ ಇಮೇಲ್ ಬಂದಿದೆಯೇ ಎಂದು ಸ್ಪ್ಯಾಮ್ ಪೆಟ್ಟಿಗೆಯಲ್ಲೂ ನೋಡಿ, ಸಾಧ್ಯವಿದ್ದರೆ ಏರಿಸಿದ ಚಿತ್ರವನ್ನು ಮತ್ತೆ ಇಳಿಸಿಕೊಂಡು ಮಗ್ಗುಲಾಗಿ ತಿರುಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.