ಕಿತ್ತೂರು ಮತ್ತು ನರಗುಂದ ಸಂಗ್ರಾಮಗಳಲ್ಲಿ ಫಿರಂಗಿದಳ

ಕಿತ್ತೂರು (1824) ಮತ್ತು ನರಗುಂದ (1858) ಸಂಗ್ರಾಮಗಳು ಮುಂಬಯಿ ಕರ್ನಾಟಕದಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ನಡೆದ ಎರಡು ಪ್ರಮುಖ ಸಶಸ್ತ್ರ ಹೋರಾಟಗಳು. ಎರಡರಲ್ಲಿಯೂ ತೋಪು ಮತ್ತು ಮದ್ದುಗುಂಡುಗಳ ಪಾತ್ರ ಮಹತ್ವದ್ದಾಗಿತ್ತು. ಆದರೆ ಫಲಿತಾಂಶವನ್ನು ನಿರ್ಧರಿಸಿದ್ದು ಕೇವಲ ತೋಪುಗಳ ಸಂಖ್ಯೆಯಲ್ಲ. ಅವುಗಳಿಗಿದ್ದ ರಕ್ಷಣೆ, ಮದ್ದಿನ ಪೂರೈಕೆ ಮತ್ತು ಬಳಸಿದ ಸಮಯ ಅಷ್ಟೇ ಮುಖ್ಯವಾಗಿದ್ದವು. ಈ ಅಂಶಗಳು ಇಂದಿನ ಸೇನಾ ಯೋಜನೆಗೂ ಪ್ರಸ್ತುತವಾಗಿವೆ.

ಹಿನ್ನೆಲೆ

19ನೆಯ ಶತಮಾನದ ಆರಂಭದ ತೋಪುಗಳಿಗೆ ಬಾಯಿಯ ಕಡೆಯಿಂದಲೇ ಮದ್ದು ಮತ್ತು ಗುಂಡನ್ನು ತುಂಬಬೇಕಾಗಿತ್ತು. ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕಗಳನ್ನು ಬೆರೆಸಿ ಮದ್ದನ್ನು ತಯಾರಿಸಲಾಗುತ್ತಿತ್ತು. ಕುದುರೆಗಳು ಎಳೆಯುತ್ತಿದ್ದ ಹಗುರ ತೋಪುಗಳು ಸಾಮಾನ್ಯವಾಗಿ 6 ಪೌಂಡ್ ತೂಕದ ಗುಂಡನ್ನು ಹಾರಿಸುತ್ತಿದ್ದವು. ಇವು ಬಯಲಿನ ಕಾಳಗಕ್ಕೆ ಮತ್ತು ಬಾಗಿಲು ಒಡೆಯುವುದಕ್ಕೆ ಸಾಕಾಗುತ್ತಿದ್ದವು. ಕೋಟೆಯ ಗೋಡೆಯನ್ನು ಕೆಡವಲು ಮಾತ್ರ ಭಾರೀ ತೋಪುಗಳು ಬೇಕಾಗುತ್ತಿದ್ದವು. ಅವುಗಳನ್ನು ಎತ್ತುಗಳ ಮೂಲಕ ನಿಧಾನವಾಗಿ ಸಾಗಿಸಬೇಕಾಗಿದ್ದರಿಂದ ದಾರಿ ಮತ್ತು ಹವಾಮಾನ ಯುದ್ಧದ ಗತಿಯನ್ನೇ ಬದಲಿಸಬಲ್ಲವಾಗಿದ್ದವು. ಎರೆಭೂಮಿಯ ಈ ಸೀಮೆಯಲ್ಲಿ ಮಳೆಗಾಲದ ಸಾಗಾಟ ವಿಶೇಷವಾಗಿ ಕಷ್ಟಕರವಾಗಿತ್ತು.

ಕಿತ್ತೂರಿನ ಮೊದಲ ಯುದ್ಧ

1824ರ ಸೆಪ್ಟೆಂಬರ್‌ನಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜ ಮರಣ ಹೊಂದಿದನು. ಅವನ ದತ್ತಕವನ್ನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ಥ್ಯಾಕರೆಯು ಮದ್ರಾಸ್ ಕುದುರೆ ತೋಪುದಳದೊಂದಿಗೆ ಕಿತ್ತೂರಿಗೆ ಬಂದನು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿರುವುದನ್ನು ಕಂಡು, ಅದನ್ನು ತೋಪಿನಿಂದ ಒಡೆಯಲು ಆಜ್ಞೆ ಮಾಡಿದನು. ಅಷ್ಟರಲ್ಲಿ ಕೋಟೆಯ ಸೈನಿಕರೇ ಒಮ್ಮೆಲೇ ಹೊರನುಗ್ಗಿ ತೋಪುಗಳ ಮೇಲೆ ಬಿದ್ದರು. ಥ್ಯಾಕರೆ ಹಾಗೂ ತೋಪುದಳದ ಅಧಿಕಾರಿಗಳಾದ ಬ್ಲ್ಯಾಕ್ ಮತ್ತು ಡೈಟನ್ ಹತರಾದರು. ಎಲಿಯಟ್ ಮತ್ತು ಸ್ಟೀವನ್ಸನ್ ಸೆರೆಯಾದರು. ಥ್ಯಾಕರೆಯನ್ನು ಕೊಂದವನು ರಾಣಿ ಚೆನ್ನಮ್ಮನ ಅಂಗರಕ್ಷಕ ಅಮಟೂರು ಬಾಳಪ್ಪನೆಂದು ಪ್ರಸಿದ್ಧಿಯಿದೆ.

ಈ ಸೋಲಿನ ಕಾರಣ ಸರಳವಾದುದು. ಬಾಗಿಲಿಗೆ ಅತಿ ಸಮೀಪದಲ್ಲಿ ನಿಂತ ತೋಪುಗಳಿಗೆ ಮತ್ತೆ ಮದ್ದು ತುಂಬಲು ಸಮಯ ದೊರೆಯುವುದಿಲ್ಲ. ಸುತ್ತಲೂ ಸಾಕಷ್ಟು ಕಾಲಾಳುಗಳ ರಕ್ಷಣೆ ಇಲ್ಲದಿದ್ದರೆ ಖಡ್ಗಧಾರಿಗಳೂ ಅವುಗಳನ್ನು ವಶಪಡಿಸಿಕೊಳ್ಳಬಹುದು.

ಎರಡನೆಯ ಯುದ್ಧ

ಅದೇ ವರ್ಷದ ನವೆಂಬರ್ ಅಂತ್ಯದಲ್ಲಿ ಕಮಿಷನರ್ ಚಾಪ್ಲಿನ್ ಮತ್ತು ಲೆಫ್ಟಿನೆಂಟ್ ಕರ್ನಲ್ ಡೀಕನ್ ದೊಡ್ಡ ಸೇನೆಯೊಂದಿಗೆ ಕಿತ್ತೂರನ್ನು ಮುತ್ತಿದರು. ಈ ಬಾರಿ ಅವಸರ ಮಾಡದೆ, ಮೊದಲು ಕೋಟೆಯನ್ನು ಸುತ್ತುವರಿದು, ಹೊರಗಿನ ನೆಲೆಗಳನ್ನು ಹಿಡಿದು, ಬಳಿಕ ತೋಪುಗಳನ್ನು ನಿಲ್ಲಿಸಿ ಗೋಡೆಯನ್ನು ಒಡೆಯಲಾಯಿತು. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿದ್ದಿತು. ಈ ಕದನದಲ್ಲಿ ಸೊಲ್ಲಾಪುರದ ಉಪ ಕಲೆಕ್ಟರ್ ಮನ್ರೋ ಪ್ರಾಣ ಕಳೆದುಕೊಂಡನು. ಸೆರೆಯಾದ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ನಿಧನ ಹೊಂದಿದಳು.

ಕೋಟೆಯ ಮದ್ದಿನಲ್ಲಿ ದ್ರೋಹಿಗಳು ಸಗಣಿ ಮತ್ತು ಧಾನ್ಯವನ್ನು ಬೆರೆಸಿದ್ದರಿಂದ ತೋಪುಗಳು ಸಿಡಿಯಲಿಲ್ಲವೆಂದು ಸ್ಥಳೀಯ ಪರಂಪರೆ ಹೇಳುತ್ತದೆ. ಉಗ್ರಾಣದಲ್ಲಿರುವ ಮದ್ದಿನ ಗುಣಮಟ್ಟ ಯುದ್ಧದ ಗತಿಯನ್ನು ನಿರ್ಧರಿಸಬಲ್ಲದು ಎಂಬ ಅರಿವು ಈ ಕಥನದಲ್ಲಿ ಉಳಿದುಬಂದಿದೆ.

ಸುರೇಬಾನ ಮತ್ತು ನರಗುಂದ

1857ರ ದಂಗೆಯ ಕಾಲದಲ್ಲಿ ಸಂಸ್ಥಾನಿಕರ ತೋಪು ಮತ್ತು ಮದ್ದನ್ನು ಹಿಂಪಡೆಯುವುದು ಬ್ರಿಟಿಷರ ಮುಖ್ಯ ನೀತಿಯಾಗಿತ್ತು. ನರಗುಂದದ ಭಾಸ್ಕರರಾವ್ ಭಾವೆಗೂ (ಬಾಬಾಸಾಹೇಬ) ತನ್ನ ಬೆಟ್ಟದ ಕೋಟೆಯ ತೋಪುಗಳನ್ನು ಧಾರವಾಡಕ್ಕೆ ಕಳುಹಿಸುವಂತೆ ಸೂಚನೆ ಬಂದಿತು. ಅವನ ದತ್ತಕದ ಕೋರಿಕೆಯನ್ನು ಅದಕ್ಕೂ ಮೊದಲೇ ನಿರಾಕರಿಸಲಾಗಿತ್ತು. 1858ರ ಮೇ ತಿಂಗಳ ಕೊನೆಯಲ್ಲಿ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ರಾಮದುರ್ಗದಿಂದ ನರಗುಂದದತ್ತ ಹೊರಟು, ಸಣ್ಣ ಬೆಂಗಾವಲಿನೊಂದಿಗೆ ಸುರೇಬಾನದಲ್ಲಿ ತಂಗಿದನು. ಮೇ 29ರ ರಾತ್ರಿ ಬಾಬಾಸಾಹೇಬನ ಪಡೆ ಅಲ್ಲಿ ದಾಳಿ ಮಾಡಿ ಅವನನ್ನು ಕೊಂದಿತು.

ಜೂನ್ 1ರಂದು ಕರ್ನಲ್ ಮಾಲ್ಕಮ್ ನರಗುಂದವನ್ನು ತಲುಪಿದನು. ಎದುರಿಸಲು ಬಯಲಿಗೆ ಬಂದ ನರಗುಂದದ ಪಡೆಯನ್ನು ಅವನ ಅಶ್ವದಳ ಚದುರಿಸಿತು. ಮರುದಿನ ಕೋಟೆಯೂ ಅವನ ವಶವಾಯಿತು. ತೊರಗಲ್ಲ ಕಾಡಿನಲ್ಲಿ ಸೆರೆಸಿಕ್ಕ ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಕಿತ್ತೂರಿನ ಮೊದಲ ಜಯದ ನಂತರ ಬ್ರಿಟಿಷ್ ಸೇನೆ ಬರಲು ಐದು ವಾರಗಳು ಬೇಕಾಗಿದ್ದವು. ಸುರೇಬಾನದ ದಾಳಿಗೆ ಉತ್ತರ ಮೂರೇ ದಿನಗಳಲ್ಲಿ ಬಂದಿತು. ಹೀಗಾಗಿ ಬೆಟ್ಟದ ಕೋಟೆಯ ಭದ್ರತೆ ನರಗುಂದಕ್ಕೆ ಉಪಯೋಗಕ್ಕೆ ಬರಲಿಲ್ಲ.

ಆಧುನಿಕ ಸೇನಾ ಯೋಜನೆಗೆ ಪಾಠಗಳು

ಮದ್ದುಗುಂಡಿನ ದಾಸ್ತಾನು: 1999ರ ಕಾರ್ಗಿಲ್ ಯುದ್ಧದಲ್ಲಿ ಭಾರತದ ಫಿರಂಗಿದಳ 2,50,000ಕ್ಕೂ ಹೆಚ್ಚು ಶೆಲ್, ರಾಕೆಟ್ ಮತ್ತು ಬಾಂಬುಗಳನ್ನು ಹಾರಿಸಿತು. ದೀರ್ಘ ಯುದ್ಧದಲ್ಲಿ ಈ ಬಳಕೆಯನ್ನು ಸರಿದೂಗಿಸಲು ದಾಸ್ತಾನು ಮಾತ್ರ ಸಾಲದು, ಕಾರ್ಖಾನೆಗಳ ಉತ್ಪಾದನೆಯೂ ಬೇಕಾಗುತ್ತದೆ. 2022ರಿಂದ ನಡೆಯುತ್ತಿರುವ ಉಕ್ರೇನ್ ಯುದ್ಧದಲ್ಲಿ ಶೆಲ್‌ಗಳ ಕೊರತೆ ಇದನ್ನೇ ತೋರಿಸಿದೆ.

ತೋಪುಗಳ ರಕ್ಷಣೆ: ಕಿತ್ತೂರಿನಲ್ಲಿ ತೋಪುಗಳಿಗೆ ಅಪಾಯ ಬಂದದ್ದು ಬಾಗಿಲಿನಿಂದ. ಇಂದು ಅದು ಡ್ರೋನ್ ಮತ್ತು ಪ್ರತಿದಾಳಿಯ ಶೆಲ್‌ಗಳಿಂದ ಬರುತ್ತದೆ. ಆದ್ದರಿಂದ ಗುಂಡು ಹಾರಿಸಿದ ಕೂಡಲೇ ಸ್ಥಳ ಬದಲಿಸುವುದು ಸಾಮಾನ್ಯ ಕ್ರಮವಾಗಿದೆ.

ಶತ್ರು ತೋಪುಗಳ ಪತ್ತೆ: ಕಾರ್ಗಿಲ್‌ನಲ್ಲಿ ಇಂತಹ ರೇಡಾರ್‌ಗಳ ಕೊರತೆ ಭಾರತಕ್ಕೆ ಹಾನಿಯುಂಟುಮಾಡಿತು. ನಂತರ ಬೆಂಗಳೂರಿನ ರೇಡಾರ್ ಸಂಶೋಧನಾ ಸಂಸ್ಥೆ ಎಲ್‌ಆರ್‌ಡಿಇ ‘ಸ್ವಾತಿ’ ರೇಡಾರನ್ನು ಅಭಿವೃದ್ಧಿಪಡಿಸಿತು. ಭಾರತ್ ಎಲೆಕ್ಟ್ರಾನಿಕ್ಸ್ ಇದನ್ನು ತಯಾರಿಸುತ್ತದೆ. ಇದು ಬರುವ ಶೆಲ್‌ನ ಪಥವನ್ನು ಗುರುತಿಸಿ, ಅದನ್ನು ಹಾರಿಸಿದ ಸ್ಥಳವನ್ನು ಲೆಕ್ಕಹಾಕುತ್ತದೆ.

ಇತರ ದಳಗಳೊಂದಿಗೆ ಹೊಂದಾಣಿಕೆ: ತೋಲೋಲಿಂಗ್ ಮತ್ತು ಟೈಗರ್ ಹಿಲ್ ಶಿಖರಗಳಲ್ಲಿ 155 ಮಿ.ಮೀ. ಬೋಫೋರ್ಸ್ ತೋಪುಗಳು ಶತ್ರುವಿನ ನೆಲೆಗಳನ್ನು ಹೊಡೆದವು. ಆದರೂ ಅಂತಿಮವಾಗಿ ಶಿಖರವನ್ನು ಹಿಡಿದದ್ದು ಹತ್ತಿಹೋದ ಕಾಲಾಳುಗಳು. ಕಾಲಾಳುಗಳ ರಕ್ಷಣೆಯಿಲ್ಲದ ತೋಪು ಕಿತ್ತೂರಿನ ಬಾಗಿಲಲ್ಲಿ ಸೋತಿತು. ತೋಪಿನ ಬೆಂಬಲವಿಲ್ಲದ ಕಾಲಾಳು ಕಾರ್ಗಿಲ್‌ನ ಇಳಿಜಾರಿನಲ್ಲಿ ಮುಂದುವರಿಯುವುದು ಅತ್ಯಂತ ಕಷ್ಟಕರವಾಗಿತ್ತು.

ಇವನ್ನೂ ನೋಡಿ

ಕಿತ್ತೂರು ಚೆನ್ನಮ್ಮ
ಸಂಗೊಳ್ಳಿ ರಾಯಣ್ಣ
ನರಗುಂದ
ರಾಮದುರ್ಗ
ಕಾರ್ಗಿಲ್ ಯುದ್ಧ